ಹದಿನಾಲ್ಕು ಪಾಯಿಂಟ್ ಎರಡು

ಮಾರ್ಚ್ 3, ಬೆಳಿಗ್ಗೆ 10.15

ಏಣಿಯ ಮೂರನೇ ಮೆಟ್ಟಿಲು ಈಗಲೂ ಅಲ್ಲಾಡುತ್ತದೆ. ಕಚೇರಿಗೆ ಹೇಳಬೇಕು ಅಂತ ಹೋದ ವಾರವೂ ಬರೆದಿದ್ದೆ.

ಸೇರಿ ಹನ್ನೆರಡು ದಿನ. ಕೆಲಸ ಇಷ್ಟೇ. ಹಳೇ ಗೋಡೆಯಲ್ಲಿ ಮೇಲಿಂದ ಕೆಳಗಿನವರೆಗೂ ಒಂದು ಬಿರುಕು. ಅದರ ಎರಡೂ ಅಂಚಿಗೆ ಹಿತ್ತಾಳೆ ತುಂಡು ಕೂರಿಸಿದ್ದಾರೆ. ಹತ್ತು ಗಂಟೆಗೆ ಏಣಿ ಹತ್ತಿ, ನಡುವಿನ ಅಂತರವನ್ನು ಕ್ಯಾಲಿಪರಿನಲ್ಲಿ ಅಳೆದು, ರಿಜಿಸ್ಟರಿನಲ್ಲಿ ಬರೆದರೆ ಮುಗಿಯಿತು. ಗೋಡೆಗೆ ಮೂರು ಸಾವಿರ ವರ್ಷವಂತೆ. ಕಟ್ಟಿದವರು ಯಾರು, ಏನು ಮಾತಾಡುತ್ತಿದ್ದರು, ಯಾರಿಗೂ ಗೊತ್ತಿಲ್ಲ. ನನಗೆ ಮುಂಚೆ ಇಲ್ಲಿ ಅಳೆಯುತ್ತಿದ್ದವರು ಮಾತ್ರ ಚೆನ್ನಾಗಿ ಗೊತ್ತು — ಅಮ್ಮನ ತಮ್ಮ, ನನ್ನ ಮಾವ. ಕೆಲಸ ಕೊಡಿಸಿದವರೂ ಅವರೇ.

ಮಾವ ಬಿಟ್ಟುಹೋದ ಕ್ಯಾಲಿಪರಿನ ದವಡೆ ತುಕ್ಕು ಹಿಡಿದು, ಸರಿಯದೆ ಕೂತಿತ್ತು. ಹೊಲಿಗೆ ಮಿಷನ್ ಎಣ್ಣೆ ಹಾಕಿ, ಎರಡು ದಿನ ಕಾದು ಬಿಡಿಸಿದೆ.

ಇವತ್ತು ನನ್ನ ಮೊದಲ ಅಳತೆ, 14.3 ಮಿಲಿಮೀಟರ್ ಬಂತು. ಮೇಲಿನ ಸಾಲು 14.2. ಅದರ ಮೇಲಿನದೂ 14.2. ಹತ್ತೊಂಬತ್ತು ವರ್ಷ ಹಿಂದಕ್ಕೆ ಹೋದರೂ ಅದೇ. ನನ್ನ ಕೈಯೇ ನಡುಗಿರಬೇಕು. 14.2 ಅಂತಲೇ ಬರೆದೆ.

ಮಾರ್ಚ್ 5, ಮಧ್ಯಾಹ್ನ 2.40

ಬಸ್ ಕೈಕೊಟ್ಟಿತು. ಬಂದು ಮುಟ್ಟುವಾಗ ಎರಡೂವರೆ. ಬಿಸಿಲಿಗೆ ಏಣಿ ಕಾದು ಕೈ ಇಡಲಾಗುತ್ತಿಲ್ಲ.

13.6.

ಮತ್ತೆ ಅಳೆದೆ. 13.6. ಕೆಳಗಿಳಿದು, ನೀರು ಕುಡಿದು, ಮತ್ತೆ ಹತ್ತಿ... 13.6. ರಿಜಿಸ್ಟರಿನಲ್ಲಿ ಜಾಗ ಖಾಲಿ ಬಿಟ್ಟೆ.

ಮಾರ್ಚ್ 6

ಹತ್ತಕ್ಕೆ 14.3. ಎರಡಕ್ಕೆ 13.6. ಐದಕ್ಕೆ 13.9.

ಬೇಕೆಂದೇ ಇಡೀ ದಿನ ಕೂತೆ. ಬಿಸಿಲೇರಿದರೆ ಮುಚ್ಚಿಕೊಳ್ಳುತ್ತದೆ, ತಂಪಾದರೆ ಬಿಚ್ಚಿಕೊಳ್ಳುತ್ತದೆ. ಇಷ್ಟು ದೊಡ್ಡ ಗೋಡೆ! ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಉಬ್ಬಿ ಸಾಯುತ್ತೇನೆ ಅನ್ನಿಸಿತು. ಹೇಳಲು ಯಾರೂ ಇರಲಿಲ್ಲ. ಒಂದು ಓತಿಕ್ಯಾತ ಇತ್ತು. ಅದಕ್ಕೇ ಹೇಳಿದೆ.

ಮಾರ್ಚ್ 7

ಕಚೇರಿಯಿಂದ ಇಂಜಿನಿಯರ್ ಮೇಡಂ ಬಂದಿದ್ದರು. ಹದಿನೆಂಟನೇ ತಾರೀಕು ಬಿರುಕಿಗೆ ಸಿಮೆಂಟ್ ತುಂಬುತ್ತಾರಂತೆ. ಹತ್ತೊಂಬತ್ತು ವರ್ಷದಲ್ಲಿ ಕೂದಲೆಳೆಯಷ್ಟೂ ಅಲ್ಲಾಡಿಲ್ಲ, ಅಂದರೆ ಇದು ಸತ್ತ ಬಿರುಕು. ಸತ್ತ ಬಿರುಕನ್ನು ತುಂಬಿಬಿಡಬೇಕು ಅಂತ ನಿಯಮ.

ಸತ್ತಿಲ್ಲ ಮೇಡಂ ಅಂದೆ. ನನ್ನ ಅಂಕಿಗಳನ್ನು ತೋರಿಸಿದೆ. ಓದಿದರು, ನಗಲಿಲ್ಲ. ಅದೊಂದು ಒಳ್ಳೆಯ ಗುಣ.

“ನಿಮ್ಮದು ಮೂರು ದಿನದ್ದು. ಅದು ಹತ್ತೊಂಬತ್ತು ವರ್ಷದ್ದು. ಆ ರಿಜಿಸ್ಟರ್ ತಪ್ಪು ಅಂತ ಬರೆದುಕೊಡಿ, ಕೆಲಸ ನಿಲ್ಲಿಸ್ತೀನಿ.”

ರಿಜಿಸ್ಟರ್ ತೆರೆದೆ. ಪ್ರತಿ ಸಾಲಿನ ಕೊನೆಗೂ ಮಾವನ ಸಹಿ. ದುಂಡಗೆ.

ಮಾರ್ಚ್ 9, ಭಾನುವಾರ

ರಜೆ. ಆದರೂ ಹೋದೆ. ತಲೆಗೆ ಹುಳ ಹೊಕ್ಕರೆ ಮನೆಯಲ್ಲಿ ಕೂರುವುದು ಹೇಗೆ?

ಕನ್ನಡಿ, ಟಾರ್ಚ್ ಒಯ್ದಿದ್ದೆ. ಬಿರುಕಿನೊಳಗೆ ಬೆಳಕು ಬಿಟ್ಟು ಕನ್ನಡಿಯಲ್ಲಿ ನೋಡಿದೆ. ಒಳಗೆ ಕಲ್ಲು ಒಡೆದಿಲ್ಲ. ಉಳಿಯಲ್ಲಿ ಹೊಡೆದು ನುಣುಪು ಮಾಡಿದ್ದಾರೆ, ಕೆಳಗಿನವರೆಗೂ. ಯಾರೂ ನೋಡದ ಜಾಗಕ್ಕೆ ಅಷ್ಟು ಶ್ರದ್ಧೆ.

ಆಮೇಲೆ ಗೋಡೆಯುದ್ದಕ್ಕೂ ಹೆಜ್ಜೆ ಎಣಿಸುತ್ತಾ ನಡೆದೆ. ನಲವತ್ತನೇ ಹೆಜ್ಜೆಗೆ ಮುಳ್ಳಿನ ಪೊದೆ, ಪೊದೆಯ ಹಿಂದೆ ಇನ್ನೊಂದು ಸಂದು. ಮತ್ತೆ ನಲವತ್ತಕ್ಕೆ ಮತ್ತೊಂದು. ಮಣ್ಣು ತುಂಬಿತ್ತು, ಕೆರೆದು ನೋಡಿದೆ. ಒಟ್ಟು ಆರು. ಬಿರುಕು ಹೀಗೆ ಲೆಕ್ಕ ಹಾಕಿಕೊಂಡು ಬೀಳುತ್ತದೆಯೇ?

ಆರನೆಯದಕ್ಕೆ ಯಾವ ಕಾಲದಲ್ಲೋ ಯಾರೋ ಸಿಮೆಂಟ್ ತುಂಬಿದ್ದಾರೆ. ಅದರ ಎಡಬಲದ ಕಲ್ಲುಗಳು ಉದ್ದಕ್ಕೂ ಸೀಳಿ ನಿಂತಿವೆ. ಉಬ್ಬಲು ಜಾಗವಿಲ್ಲದೆ ಒಡೆದುಕೊಂಡಿವೆ.

ಬಿರುಕಲ್ಲ. ಬಿಟ್ಟ ಜಾಗ. ಮೂರು ಸಾವಿರ ವರ್ಷದ ಹಿಂದೆ ಯಾರೋ ಇಂಥದೇ ಮಧ್ಯಾಹ್ನ ಬೆವರು ಒರೆಸಿಕೊಳ್ಳುತ್ತಾ, ನಮಗೇ ಇಷ್ಟು ಸೆಕೆಯಾದರೆ ಗೋಡೆಯ ಗತಿ ಏನು ಅಂತ ಯೋಚಿಸಿದ್ದಾರೆ. ಅವರನ್ನು ಒಂದೇ ಒಂದು ಸಲ ನೋಡಬೇಕಿತ್ತು. ಖುಷಿಗೆ ಕಣ್ಣಲ್ಲಿ ನೀರು ಬಂತು. ಮುಳ್ಳು ತರಚಿದ್ದು ಮನೆಗೆ ಬಂದ ಮೇಲೇ ಗೊತ್ತಾಗಿದ್ದು.

ಮಾರ್ಚ್ 14

ಐದು ದಿನ ಏನೂ ಬರೆಯಲಿಲ್ಲ. ಏನು ಬರೆಯುವುದು? ಸಂದಿನ ಫೋಟೋ ಕಳಿಸಿದ್ದೆ. ಮೇಡಂ ಉತ್ತರ: ಚೆನ್ನಾಗಿದೆ, ಆದರೆ ರಿಜಿಸ್ಟರ್?

ಇವತ್ತು ಮಾವನ ಮನೆಗೆ ಹೋದೆ. ಹಾಲಿನಲ್ಲಿ, ಗಡಿಯಾರದ ಪಕ್ಕ, ಫ್ರೇಮ್ ಹಾಕಿದ ಪ್ರಶಂಸಾ ಪತ್ರ. ‘ಹತ್ತೊಂಬತ್ತು ವರ್ಷ ಒಂದು ದಿನವೂ ತಪ್ಪದೆ.’ ಅತ್ತೆ ಟಿವಿ ಒರೆಸುವುದನ್ನು ಮರೆತರೂ ಅದನ್ನು ಮರೆಯುವುದಿಲ್ಲ. ಮನೆಗೆ ಬಂದವರೆಲ್ಲ ಓದಲೇಬೇಕು. ನಾನು ಎಷ್ಟು ಸಲ ಓದಿದ್ದೇನೋ.

ಕೇಳಲು ಬಾಯಿ ಬರಲಿಲ್ಲ. ಏಣಿ, ಓತಿಕ್ಯಾತ, ಬಸ್ಸು ಅಂತ ಏನೇನೋ ಹರಟಿದೆ. ಕೊನೆಗೆ, ಕ್ಯಾಲಿಪರಿಗೆ ಎಣ್ಣೆ ಹಾಕಿ ಬಿಡಿಸಿದೆ ಮಾವ, ಅಂದೆ.

ಮಾವ ಲೋಟ ಕೆಳಗಿಟ್ಟರು.

“ಎಷ್ಟರಲ್ಲಿ ಸಿಕ್ಕಿಕೊಂಡಿತ್ತು?”

“ಹದಿನಾಲ್ಕು ಪಾಯಿಂಟ್ ಎರಡು.”

ಸಿಮೆಂಟಿನ ವಿಷಯ ಮಾತ್ರ ಹೊರಡುವಾಗ ಬಾಗಿಲಲ್ಲಿ ಹೇಳಿದೆ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಮಾರ್ಚ್ 16, ಸಂಜೆ

ಮಾವನೇ ನನ್ನ ರೂಮಿಗೆ ಬಂದರು. ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು ಹೇಳಿದರು.

ಮೊದಲ ತಿಂಗಳು, ರಿಜಿಸ್ಟರ್ ಇನ್ನೂ ಬಂದಿರದಾಗ, ಬಿಡಿ ಹಾಳೆಯಲ್ಲಿ ಕಂಡದ್ದನ್ನೇ ಬರೆದಿದ್ದರಂತೆ. ಆಗಿನ ಆಫೀಸರ್ ಕೆಂಪು ಇಂಕಿನಲ್ಲಿ ‘ಸರಿಯಾಗಿ ಅಳೆಯಿರಿ’ ಅಂತ ಬರೆದನಂತೆ. ಮೂರು ಸಲ. ಮೂರನೇ ಸಲ ಎಲ್ಲರೆದುರು, ನಿಮಗೆ ಸ್ಕೇಲ್ ಓದಲು ಬರುತ್ತದೆಯೇ ಅಂತ ಕೇಳಿದನಂತೆ. ಮಾರನೇ ದಿನ 14.2 ಬರೆದರು. ಯಾರೂ ಏನೂ ಕೇಳಲಿಲ್ಲ. ಅದಕ್ಕೇ ಅದನ್ನೇ ಬರೆದರು.

“ದಿನಾ ಹೋಗಿದ್ದು ಸುಳ್ಳಲ್ಲ ಕಣೇ. ಬರೆದಿದ್ದು ಸುಳ್ಳು. ಹೋಗಿ ಬೆರಳಿಟ್ಟು ನೋಡ್ತಿದ್ದೆ. ಚಳಿಗಾಲದಲ್ಲಿ ಕಿರುಬೆರಳು ಎರಡನೇ ಗೆಣ್ಣಿನ ತನಕ ಇಳಿಯುತ್ತೆ. ಬೇಸಿಗೆ ಮಧ್ಯಾಹ್ನ ಮೊದಲನೇ ಗೆಣ್ಣೂ ದಾಟಲ್ಲ. ಅದು ಉಸಿರಾಡುತ್ತೆ ಅಂತ ನಿನಗಿಂತ ಮೊದಲೇ ಗೊತ್ತು ನನಗೆ.”

ಕೋಪ ಬಂತು, ಸುಳ್ಳು ಹೇಳುವುದಿಲ್ಲ. ಆ ಆಫೀಸರ್ ಮೇಲೆ, ಮಾವನ ಮೇಲೆ, ಹನ್ನೆರಡನೇ ದಿನ 14.3 ಕಂಡು 14.2 ಬರೆದ ನನ್ನ ಮೇಲೂ. ನನಗೆ ಯಾರೂ ಕೆಂಪು ಇಂಕಿನಲ್ಲಿ ಬರೆದಿರಲೂ ಇಲ್ಲ.

ಬೇರೆ ದಾರಿ ಹುಡುಕುತ್ತೇನೆ ಮಾವ, ನೀವು ಸುಮ್ಮನಿರಿ ಅಂದೆ. ಬೇರೆ ದಾರಿ ಯಾವುದು ಅಂತ ಕೇಳಿದರು. ಟೀಗೆ ನೀರಿಟ್ಟೆ. ಟೀ ಕುಡಿಯದೆ ಹೋದರು.

ಮಾರ್ಚ್ 17

14.4. 13.5. ಎರಡನ್ನೂ ರಿಜಿಸ್ಟರಿನಲ್ಲೇ ಬರೆದೆ. ಮಾರ್ಚ್ 3ರ ನನ್ನ ಸಾಲನ್ನೂ ತಿದ್ದಿ ಸಹಿ ಹಾಕಿದೆ.

ಮಾವ ಫೋನ್ ಎತ್ತಲಿಲ್ಲ. ಅತ್ತೆ ಎತ್ತಿದರು. ಗೋಡೆಯಿಂದ ಫ್ರೇಮ್ ಇಳಿಸಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ, ಏನಾಯ್ತೇ ಇವರಿಗೆ, ಅಂದರು.

ಮಾರ್ಚ್ 18, ಮಧ್ಯಾಹ್ನ 2.20

ಏಣಿಯ ಕೆಳಗೆ ಕೂತು ಬರೆಯುತ್ತಿದ್ದೇನೆ.

ಮೇಡಂ, ಮೇಸ್ತ್ರಿ, ಒಂಬತ್ತು ಮೂಟೆ ಸಿಮೆಂಟ್. ಮೇಸ್ತ್ರಿ ನೀರು ಹೊಯ್ಯುವ ಹೊತ್ತಿಗೆ ಮಾವ ಬಂದರು. ಇಸ್ತ್ರಿ ಮಾಡಿದ ಅಂಗಿ. ಕಂಕುಳಲ್ಲಿ ಪೇಪರ್ ಸುತ್ತಿದ ಫ್ರೇಮ್. ನನ್ನ ಕಡೆ ನೋಡಲಿಲ್ಲ. ನೇರ ಮೇಡಂ ಕೈಗೆ ಅದನ್ನು ಕೊಟ್ಟರು.

“ಇದು ನಿಮ್ಮ ಆಫೀಸಿನದು. ರಿಜಿಸ್ಟರ್ ನಾನು ಬರೆದಿದ್ದು. ಅಳತೆ ಮಾಡಿ ಬರೆದಿದ್ದಲ್ಲ.”

ಮೇಡಂ ಪೇಪರ್ ಬಿಚ್ಚಿ ಓದಿದರು. ಈಗ ಹೇಳುತ್ತಿರುವುದನ್ನು ಹೇಗೆ ನಂಬಲಿ, ಅಂತ ಕೇಳಿದರು. ನ್ಯಾಯವೇ.

ಮಾವ ಏಣಿ ಹತ್ತಿದರು. ಮೂರನೇ ಮೆಟ್ಟಿಲನ್ನು ನಾನು ಹಿಡಿದುಕೊಂಡೆ. ಸಂದಿಗೆ ಕಿರುಬೆರಳು ಇಟ್ಟು, ಕಣ್ಣು ಮುಚ್ಚಿ, ಹದಿಮೂರೂವರೆ ಅಂದರು. ಆಮೇಲೆ, ಒಂಚೂರು ಜಾಸ್ತಿ, ಅಂದರು. ಅವರು ಇಳಿದ ಮೇಲೆ ಮೇಡಂ ಕ್ಯಾಲಿಪರ್ ಹಿಡಿದು ತಾವೇ ಹತ್ತಿದರು. ಎರಡು ಸಲ ಅಳೆದರು.

13.6.

ಇಳಿದು ಬಂದು ಮೇಸ್ತ್ರಿಗೆ ನಿಲ್ಲಿಸಲು ಹೇಳಿದರು. ಮಾವನಿಗೆ ಮೆಲ್ಲಗೆ, ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಹತ್ತೊಂಬತ್ತು ವರ್ಷದ್ದು ತಪ್ಪು ಅಂತ ರಿಜಿಸ್ಟರಿನಲ್ಲೇ ಬರೆದು ಸಹಿ ಮಾಡಬೇಕು, ಅಂದರು.

ಮಾವ ರಿಜಿಸ್ಟರನ್ನು ಮೂಟೆಯ ಮೇಲೆ ಬಿಚ್ಚಿಟ್ಟುಕೊಂಡು ಕೂತಿದ್ದಾರೆ. ಕನ್ನಡಕ ಹಾಕಿಕೊಂಡರು. ಮೊದಲು ಇವತ್ತಿನದು ಬರೆಯುತ್ತೇನೆ, ಸರಿಯಾದದ್ದು ಒಂದಾದರೂ ಇರಲಿ, ಅನ್ನುತ್ತಿದ್ದಾರೆ. ಜೇಬು ತಡಕುತ್ತಿದ್ದಾರೆ. ಈಗ ನನ್ನ ಕಡೆ ಕೈ ಚಾಚಿದರು. ಪೆನ್ನು ಇರುವುದು ನಾನು ಬರೆಯುತ್ತಿರುವ ಇದೊಂದೇ, ಕೊಡಬೇ—