ಅಕ್ಕನ ಮನೆಯಲ್ಲಿಟ್ಟ ಕಥೆ

ಜೂನ್ 4, ಮಂಗಳವಾರ

ಬೆಳಿಗ್ಗೆ ಎರಡು ಪುಟ ತಿದ್ದಿದೆ. ಒಂದನ್ನು ಹರಿದೆ. ಇಂಗ್ಲಿಷಿನಲ್ಲಿ ಯೋಚಿಸಿದ ವಾಕ್ಯ ಎಂದು ಓದಿದ ಕೂಡಲೇ ಗೊತ್ತಾಗುತ್ತದೆ. ಇಂಗ್ಲಿಷ್ ಮಾಧ್ಯಮದ ಶಾಲೆಯ ಋಣ.

ಫೋನ್. ಅಕ್ಕ. ಹಲೋ ಕೂಡ ಇಲ್ಲ.

"ಪತ್ರಿಕೇಲಿ ನಿನ್ನ ಕಥೆ ಓದ್ದೆ. ನಮ್ಮನೆ ಹಸಿರು ಟೈಲ್ಸು, ನಮ್ಮನೆ ಬಾಗಿಲು ಮುಚ್ಚದ ಫ್ರಿಜ್ಜು, ಇವರ ಔಷಧಿ ಅಂಗಡಿ. ಮನೆ ನಂಬರ್ ಒಂದನ್ನ ಯಾಕೆ ಬಿಟ್ಟೆ?"

"ಅಕ್ಕಾ, ಅದು ಕಥೆ—"

"ಕಾಗಕ್ಕ ಗುಬ್ಬಕ್ಕನ ಕಥೆ ಬೇರೆಯವರಿಗೆ ಹೇಳು."

ಕಟ್.

ಕಥೆಯ ಗಂಡ ಬೈಯುವುದಿಲ್ಲ, ಹೊಡೆಯುವುದಿಲ್ಲ. ಸಿಟ್ಟು ಬಂದರೆ ಹೆಂಡತಿ ಬಡಿಸಿದ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿ, ಬೇರೆ ತಟ್ಟೆ ತಂದು ತಾನೇ ಬಡಿಸಿಕೊಂಡು ಉಣ್ಣುತ್ತಾನೆ. ಅಷ್ಟೇ. ವಾರಗಟ್ಟಲೆ.

ಜೂನ್ 5

ಭಾವನದು ದೊಡ್ಡ ಬಾಯಿ. ಮನೆ ಹಾರಿಹೋಗುವಂತೆ ಕೂಗಿ, ಅಷ್ಟೇ ಬೇಗ ತಣ್ಣಗಾಗಿ, "ಇನ್ನಷ್ಟು ಹಾಕು" ಎನ್ನುವ ಮನುಷ್ಯ. ತಟ್ಟೆ ಸರಿಸುವವರು ಇರುವುದು ನನ್ನ ಮನೆಯಲ್ಲಿ.

ನಾನು ಬರೆಯುವುದೇ ಹೀಗೆ — ಮನುಷ್ಯರು ಒಂದು ಮನೆಯವರು, ಸಾಮಾನು ಇನ್ನೊಂದು ಮನೆಯದು. ಗುರುತು ಸಿಗದಿರಲಿ ಎಂದು. ಜನ ಸಾಮಾನು ನೋಡಿಯೇ ಗುರುತು ಹಿಡಿಯುತ್ತಾರೆ ಎಂದು ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆಯದಂತೆ ನೋಡಿಕೊಂಡೆನೋ...

ಸಂಜೆ ಇವರೂ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಪಾಪ, ನಿಮ್ಮಕ್ಕ. ಇಂಥವನ ಜೊತೆ ಹೇಗೆ ಬಾಳ್ತಿದಾರೆ? ಬಡಿಸಿದ ತಟ್ಟೆ ಸರಿಸೋದಾ? ಆದ್ರೂ ನೀನು ಮನೆ ವಿಷಯ ಬೀದಿಗೆ ತರಬಾರದಿತ್ತು."

ನಾಟಕವಲ್ಲ. ನಿಜವಾಗಿಯೂ ಗೊತ್ತಾಗಿಲ್ಲ! ತಟ್ಟೆ ಸರಿಸಿದ ಯಾವ ದಿನವೂ ಹೀಗೆ ಮೈ ಉರಿದಿರಲಿಲ್ಲ.

ಜೂನ್ 12

ಅಕ್ಕ ಬಂದಿದ್ದಳು. ಕೂರಲಿಲ್ಲ. ನೀರು ಕೊಟ್ಟರೆ ಮುಟ್ಟಲಿಲ್ಲ.

"ನಿಮ್ಮ ಭಾವ ಮನೇಲಿ ಊಟಾನೇ ಬಿಟ್ಟಿದಾರೆ. ಉಂಡ್ರೂ ಕಥೆ, ಬಿಟ್ರೂ ಕಥೆ, ಏನ್ ಮಾಡ್ಲಿ ಹೇಳು ಅಂತಾರೆ. ಅಂಗಡಿಗೆ ಬರೋರೆಲ್ಲ ಅವರ ಮುಖ ನೋಡ್ತಾರಂತೆ. ಭಾನುವಾರ ಬಂದು ಅವರೆದುರು ತಪ್ಪಾಯ್ತು ಅನ್ನು. ಇಲ್ಲಾಂದ್ರೆ ನೀನ್ಯಾರೋ, ನಾನ್ಯಾರೋ."

"ಆ ಗಂಡ ಭಾವ ಅಲ್ಲ, ಅಕ್ಕಾ."

"ಮತ್ಯಾರು?"

ಒಳಕೋಣೆಯಲ್ಲಿ ಇವರು ಶರ್ಟ್ ಇಸ್ತ್ರಿ ಮಾಡುತ್ತಿದ್ದರು. ನಾನು ಆ ಕಡೆ ನೋಡಿದೆ. ಅಕ್ಕನೂ ನೋಡಿದಳು. ಅರ್ಥವಾಯಿತು. ಕೈ ಹಿಡಿದುಕೊಳ್ಳುತ್ತಾಳೆ ಅಂದುಕೊಂಡೆ — ಎಂಥ ಪೆದ್ದಿ ನಾನು.

"ಥೂ," ಅಂದಳು, ದನಿ ಇಳಿಸಿ. "ನಿನ್ನ ಗಂಡನ ಕೊಳೆ ತಂದು ನನ್ನ ಗಂಡನ ಮೈಗೆ ಒರೆಸಿದ್ಯಾ? ನಿನ್ನ ಮಾನ ಮುಚ್ಚೋಕೆ ನಮ್ಮ ಮನೆ ಪರದೇನಾ?"

ನಾನು ಒಳಕೋಣೆಯ ಬಾಗಿಲು ಮುಂದಕ್ಕೆಳೆದೆ.

"ಭಾನುವಾರ ನಿನ್ನ ಗಂಡನ್ನೂ ಕರ್ಕೊಂಡು ಬಾ. ಎಲ್ಲರ ಮುಂದೇನೇ ಹೇಳು."

ಹೇಳಿದರೆ ಈ ಮನೆ ಹೋಗುತ್ತದೆ. ಹೇಳದಿದ್ದರೆ ಅಕ್ಕ.

ಜೂನ್ 16, ಭಾನುವಾರ, ಬೆಳಿಗ್ಗೆ

ಇವರು ನನಗಿಂತ ಮುಂಚೆ ತಯಾರು. ಕೈಯಲ್ಲಿ ಕಾರಿನ ಕೀ.

"ಬೇಗ ಹೊರಡು. ಕ್ಷಮೆ ಕೇಳೋಕೆ ಹೋಗೋರು ತಡ ಮಾಡಬಾರದು. ನೀನು ತಡವರಿಸಿದ್ರೆ ನಾನೇ ಮಾತಾಡ್ತೀನಿ, ಬಿಡು."

ಎಷ್ಟು ದೊಡ್ಡ ಮನಸ್ಸು!

"ಕಥೆಯಲ್ಲಿರೋ ಮನೆ ಅವರದು," ಎಂದೆ. "ಗಂಡ ನೀವು."

ನಕ್ಕರು. ಆಮೇಲೆ ನಗು ಹೋಗುವುದನ್ನು ಮರೆತು ಮುಖದ ಮೇಲೇ ನಿಂತಿತು. "ನಾನು ಯಾವಾಗ—" ಅಂದರು. ಕೀ ಮೇಜಿನ ಮೇಲಿಟ್ಟು, ಪತ್ರಿಕೆ ಹುಡುಕಿ ತೆಗೆದು, ಹಾಲ್‌ನಲ್ಲಿ ಕೂತರು.

ನಾನು ಕೋಣೆಯ ಬಾಗಿಲು ಮುಚ್ಚಿಕೊಂಡು ಬರೆಯುತ್ತಿದ್ದೇನೆ. ಅಕ್ಕನ ಫೋನ್ ಬಂತು, ಎತ್ತಲಿಲ್ಲ. ಹೊರಗೆ ಪುಟ ಮಗುಚಿದ ಸದ್ದು... ಈ ಸಲ ನಿಧಾನವಾಗಿ ಓದುತ್ತಿದ್ದಾರೆ. ಹೆದರಬೇಕಿತ್ತು. ನನಗೆ ಚಿಂತೆಯಾಗಿರುವುದು ಆ ಪ್ಯಾರಾ ಸರಿಯಾಗಿ ಬಂದಿದೆಯೋ ಇಲ್ಲವೋ ಎಂದು. ನನ್ನಂಥವಳ ಜೊತೆ ಬಾಳುವುದೂ ಸುಲಭವಲ್ಲ, ಬಿಡಿ.

ಕುರ್ಚಿ ಎಳೆದ ಸದ್ದು. ಹೆಜ್ಜೆ. ಬಾಗಿಲಾಚೆ ನಿಂತಿದ್ದಾರೆ. ಯಾವತ್ತೂ ಸೀದಾ ನೂಕಿಕೊಂಡು ಬರುವವರು ಇವತ್ತು ಬಾಗಿಲು ತಟ್ಟುತ್ತಿದ್ದಾರೆ.