ರವಿಕೆ ಕಣದ ಬಣ್ಣ

ಕುಸುಮಾ,

ಈ ಕಾಗದ ಅಂಚೆಗೆ ಹಾಕುವುದಿಲ್ಲ, ಹಾಗಾಗಿ ಮುಚ್ಚಿಡದೆ ಹೇಳುತ್ತೇನೆ. ವಾರದ ರಜೆಯಲ್ಲೂ ಷಟರ್ ಅರ್ಧ ಎತ್ತಿ ವ್ಯಾಪಾರ ಮಾಡುವ ನನ್ನ ಚಟ ನಿನಗೆ ಗೊತ್ತು. ಅದಕ್ಕೇ ನನ್ನನ್ನು ಬಿಟ್ಟು ಬೇರೆ ಮದುವೆಯಾದೆ. ಇವತ್ತು ಗಾಂಧಿ ಬಜಾರಿನ ನಮ್ಮ ಅಂಗಡಿಗೆ ಭದ್ರಾವತಿಯವನೊಬ್ಬ ಬಗ್ಗಿಕೊಂಡು ಬಂದ. ಹೆಂಡತಿಯ ಸೀರೆಗೆ ಹೊಂದುವ ರವಿಕೆ ಕಣ ಬೇಕಂತೆ. ವಿಡಿಯೊ ಕಾಲ್ ಮಾಡಿದ. ಕೇಳಿದ್ದು ನಿನ್ನ ದನಿ.

ನಾನು ಮರೆಗೆ ಸರಿದು, ಬಟ್ಟೆ ಹಿಡಿದ ಕೈಯನ್ನಷ್ಟೇ ಚಾಚಿದೆ.

"ಇದು ಗಿಣಿಹಸಿರು ಮಾರಾಯ್ತಿ, ಸರಿಯಾಗಿ ನೋಡು," ಎಂದ ಅವನು.

"ಎಷ್ಟು ಹೊತ್ತು ಆರಿಸ್ತೀರಿ? ಪಾಪ, ಅಂಗಡಿಯವ್ರಿಗೂ ಮನೆಗೆ ಹೋಗೋದಿರುತ್ತೆ," ಎಂದು ನೀನು ನಕ್ಕೆ.

ಅವನು ನನ್ನತ್ತ ತಿರುಗಿ, "ರಜಾದಿನಾನೂ ಕೂತಿದೀರಲ್ಲ, ಮನೇಲಿ ಬೈಯೋಲ್ವಾ?" ಎಂದ.

"ಈಗ ಬೈಯೋರಿಲ್ಲ," ಎಂದೆ.

ಹೊಟ್ಟೆ ಉರಿಯಿತು. ಅವನಿಗೆ ನೀನು ಸಿಕ್ಕಿದ್ದಕ್ಕಿಂತ, ನಿನಗಾಗಿ ಕಳೆಯಲು ಅಷ್ಟು ಹೊತ್ತು ಸಿಕ್ಕಿತಲ್ಲ ಎಂದು. ಊರಿಗೆಲ್ಲ ಸೀರೆ ಮಾರಿದ ನಾನು ನಿನಗೊಂದು ಆರಿಸಿ ತಂದವನಲ್ಲ.

ಆಮೇಲೆ ಅಂಗಡಿಯಲ್ಲಿ ಇರಲಾಗಲಿಲ್ಲ. ಕೋಟೆ ಹತ್ತಿರ ಹೊಳೆಯ ಮೆಟ್ಟಿಲ ಮೇಲೆ ಕೂತೆ. ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬಳು, "ಯಾರಿಗೆ ಕಾಯ್ತಿದೀಯಪ್ಪಾ?" ಎಂದಳು.

"ಯಾರಿಗೂ ಇಲ್ಲ ಅಜ್ಜಿ, ಸುಮ್ನೆ ಕೂತಿದೀನಿ," ಎಂದೆ.

ಮುಂದಿನ ರಜೆಗೂ ಅಲ್ಲೇ ಹೋಗಿ ಕೂರಬೇಕು ಅಂತಿದ್ದೇನೆ. ನೀನು ನಂಬುವುದಿಲ್ಲ, ಬಿಡು.