ನಿಮ್ಮ ಕಣ್ಣಿಗೆ ನೇರವಾಗಿದ್ದ ಕೋಲು

ಸದರ್ನ್ ಅವೆನ್ಯೂ, ಕೋಲ್ಕತ್ತ
ನವೆಂಬರ್ 14, ಗುರುವಾರ

ಪೂರ್ವಿಯ ಅಪ್ಪನವರಿಗೆ,

ಪ್ರೀತಿಯ ಎಂದು ಶುರು ಮಾಡುವುದು ವಾಡಿಕೆ. ಈ ಹೊತ್ತು ಕೈ ಅಷ್ಟು ದೂರ ಹೋಗುತ್ತಿಲ್ಲ, ಆದ್ದರಿಂದ ಬರೀ ನಮಸ್ಕಾರ. ಆರೋಗ್ಯ ಹೇಗಿದೆ? ಊಟಕ್ಕೆ ಮುಂಚಿನ ಮಾತ್ರೆ ಮುಂಚೆ, ಆಮೇಲಿನದು ಆಮೇಲೆ ನುಂಗುತ್ತಿದ್ದೀರೋ, ಇಲ್ಲ ಎರಡನ್ನೂ ಒಟ್ಟಿಗೆ ಬಾಯಿಗೆ ಎಸೆದುಕೊಂಡು ನದಿಗೆ ಇಳಿಯುತ್ತಿದ್ದೀರೋ? ಕಾಲ್ಬೆರಳ ಸಂದಿ ಒರೆಸಿಕೊಳ್ಳುತ್ತಿದ್ದೀರಾ? ಸಕ್ಕರೆ ಕಾಯಿಲೆಯವರು ಒದ್ದೆ ಕಾಲಿನಲ್ಲಿ ಇರಬಾರದು ಎಂದು ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಚಹಾಕ್ಕೆ ಸಕ್ಕರೆ ಹಾಕಬೇಡ ಎಂದು ಹೊಳೆ ದಂಡೆಯ ಕ್ಯಾಂಪಿನ ಮನೋಜನಿಗೆ ನಾನೇ ಫೋನಿನಲ್ಲಿ ತಾಕೀತು ಮಾಡಿದ್ದೇನೆ. ನಿಮ್ಮ ಫೋನನ್ನು ಅವನೇ ಎತ್ತುತ್ತಾನಲ್ಲ. ಯಾವಾಗ ಕೇಳಿದರೂ "ಅಂಕಲ್ ನದೀ ಮೇ ಹೈ" ಎನ್ನುತ್ತಾನೆ. ಮೆಸೇಜು ಕಳಿಸಿದರೆ ಉತ್ತರವಿಲ್ಲ. ಅದಕ್ಕೇ ಈ ಕಾಲದಲ್ಲೂ ಕಾಗದ. ನಾಳೆ ರಾತ್ರಿ ರೈಲಿಗೆ ಶಶಾಂಕ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ನೀವು ಟೀವಿ ಮೇಲೆ ಬಿಟ್ಟುಹೋದ ಓದುವ ಕನ್ನಡಕವೂ ಲಕೋಟೆಯ ಜೊತೆಗಿದೆ. ಹಾಕಿಕೊಂಡು ನೀವೇ ಓದಿ. ಗಂಡ ಹೆಂಡತಿಯ ಮಾತು, ಬೇರೆಯವರ ಬಾಯಲ್ಲಿ ಬರುವುದು ಚೆನ್ನಾಗಿರುವುದಿಲ್ಲ.

ಮನೆ ಕಡೆ ಎಲ್ಲ ಕ್ಷೇಮ. ಪೂರ್ವಿ ಪುಣೆಯಿಂದ ದಿನಾ ಫೋನು ಮಾಡುತ್ತಾಳೆ, "ಅಪ್ಪ ಇಸ್ ಓಕೆ ನಾ, ಅಮ್ಮಾ?" ಎಂದು ಕೇಳುತ್ತಾಳೆ, ನಾನು ಹೂಂ ಎನ್ನುತ್ತೇನೆ. ಎದುರು ಫ್ಲಾಟಿನ ಮಿತ್ರಾ ಬೌದಿ ಕಾಳಿಪೂಜೆಯ ಸಂದೇಶ್ ಮಿಠಾಯಿ ತಂದುಕೊಟ್ಟು, ಮೀನು ಸಿಕ್ಕಿತಂತಾ ಎಂದು ವಿಚಾರಿಸಿದರು. ಸಿಕ್ಕಿರುತ್ತದೆ, ವಾಪಸು ನೀರಿಗೆ ಬಿಟ್ಟಿರುತ್ತಾರೆ ಎಂದೆ. "ಧೋರ್ಲೇನ್, ಆಬಾರ್ ಛೇಡೇ ದಿಲೇನ್?" ಎಂದು ಎಂದಿನ ಹಾಗೆ ಹಣೆ ಮುಟ್ಟಿಕೊಂಡರು. ಮೀನು ತಿನ್ನದ ಲಿಂಗಾಯತರು ಊರೂರು ಅಲೆದು ಮೀನು ಹಿಡಿಯುವುದೇ ಅವರಿಗೆ ಒಗಟು, ಹಿಡಿದದ್ದನ್ನು ಬಿಡುವುದಂತೂ ಮಹಾಪಾಪ. ಇಷ್ಟು ವರ್ಷ ನಿಮ್ಮ ಪರವಾಗಿ ನಾನೇ ಅವರ ಹತ್ತಿರ ವಾದ ಮಾಡಿದ್ದೇನೆ. ಈ ಸಲ ಮಾಡಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ಶನಿವಾರ ಶಶಾಂಕ ಬಂದಿದ್ದ. ದಾವಣಗೆರೆಯ ಹುಡುಗ, ಯೂನಿವರ್ಸಿಟಿಯಲ್ಲಿ ನದಿಯ ಹೂಳಿನ ಮೇಲೆ ಸಂಶೋಧನೆ ಮಾಡುತ್ತಾನೆ, ನಿಮ್ಮ ಪ್ರೀತಿಯ ಶಿಷ್ಯ. ಆಗಸ್ಟಿನಲ್ಲಿ ನೀವು ಅವನಿಗೆಂದೇ ಕಟ್ಟಿಕೊಟ್ಟ ಗಾಳದ ಕೋಲನ್ನು ಹೆಗಲ ಮೇಲೆ ಇಟ್ಟುಕೊಂಡು ಬಂದವನು, ಚಪ್ಪಲಿ ಬಿಡುವ ಮೊದಲೇ ಮುಖ ಸಣ್ಣ ಮಾಡಿಕೊಂಡ. ಹುರಿ ಬೀಸಿದರೆ ನೇರ ಹೋಗುವುದಿಲ್ಲವಂತೆ, ಮೀನು ಎಳೆದಾಗ ತುದಿ ತಿರುಚಿಕೊಳ್ಳುತ್ತದಂತೆ, ಹುರಿ ತೂರುವ ಒಂದು ಉಂಗುರದ ಕೆಳಗೆ ಸುತ್ತಿದ ರೇಷ್ಮೆ ದಾರ ಬಿಟ್ಟುಕೊಂಡಿದೆಯಂತೆ. "ಸಾಮಾನು ಅಷ್ಟು ಬಾಳಿಕೆ ಬರಲ್ಲ ಅನ್ಸುತ್ತೆ ಆಂಟಿ" ಎಂದ. ನನಗೆ ಮೈಯೆಲ್ಲ ಉರಿಯಿತು. ಆ ದಾರ ಸುತ್ತಿದ ಕೈ ನನ್ನದು, ಅಂಟು ಹಾಕಿದ ಕೈ ನಿಮ್ಮದು. ಅಂಗಡಿ ಕೋಲು ಎರಡು ಮಳೆಗಾಲ, ನಾನು ಕಟ್ಟಿದ್ದು ನನಗಿಂತ ಹೆಚ್ಚು ಬಾಳ್ಬೇಕು ಕಣೇ ಎಂದು ನೀವು ಹೇಳುತ್ತಿದ್ದ ಮಾತು ನೆನಪಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವನ ಮುಖಕ್ಕೇ ಹೇಳಿದೆ. ಹೊಳೆ ಹೂಳು ಅಳೆಯುವವನಿಗೆ ಕೋಲು ಬೀಸುವುದು ಹೇಗೆ ಗೊತ್ತಾಗಬೇಕು, ಕೈಯಲ್ಲಿ ಮಣಿಕಟ್ಟು ಇದೆಯೋ ಬದನೆಕಾಯಿ ಇದೆಯೋ ಎಂದೆ. ಪಾಪ, ಚಹಾ ಅರ್ಧಕ್ಕೇ ಬಿಟ್ಟು, ಕೋಲನ್ನು ಊಟದ ಮೇಜಿನ ಮೇಲೆ ಇಟ್ಟು ಹೋದ.

ಅವನು ಹೋದ ಮೇಲೆ ಬಿಟ್ಟುಕೊಂಡ ದಾರವನ್ನು ಸರಿ ಮಾಡೋಣ ಎಂದು ಕೂತೆ. ನಮ್ಮ ಕೆಲಸದ ಹಂಚಿಕೆ ನಿಮಗೆ ಗೊತ್ತೇ ಇದೆ. ಬೋಳು ಕಾರ್ಬನ್ ಕೋಲಿನ ಮೇಲೆ ಉಂಗುರಗಳನ್ನು ಸಾಲಾಗಿ ಇಟ್ಟು, ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ಬುಡದಿಂದ ತುದಿಗೆ ನೋಡಿ, ಟೇಪು ಅಂಟಿಸುವುದು ನೀವು. ಟೇಪು ಇದ್ದಲ್ಲಿ ದಾರ ಸುತ್ತುವುದು ನಾನು. ಸುತ್ತುವಾಗ ನನ್ನ ಮೂಗು ಒಂದೇ ಉಂಗುರದ ಮೇಲಿರುತ್ತದೆ. ಪೂರ್ತಿ ಕೋಲನ್ನು ಎತ್ತಿ ನೋಡುವುದು ನಿಮ್ಮೊಬ್ಬರ ಹಕ್ಕು, ನಾನು ನೋಡಹೋದರೆ "ನನ್ನ ಕಣ್ಣಿನ ಮೇಲೆ ನಂಬ್ಕೆ ಇಲ್ವೇನೇ ನಿಂಗೆ" ಎಂದು ಮುಖ ಊದಿಸಿಕೊಳ್ಳುತ್ತೀರಿ. ಖಿದಿರ್‌ಪುರದ ಬಂದರಿನಲ್ಲಿ ಕ್ರೇನುಗಳನ್ನು ತಪಾಸಣೆ ಮಾಡಿದ ಕಣ್ಣು ಅದು. ಕೆಳಗೆ ನಿಂತು ಕತ್ತೆತ್ತಿ ನೋಡಿಯೇ ಕಂಬಿ ಕೂದಲೆಳೆ ವಾಲಿದೆ ಎನ್ನುತ್ತಿದ್ದಿರಿ, ಅಳೆದರೆ ಹಾಗೆಯೇ ಇರುತ್ತಿತ್ತು. ಯಾವುದೋ ಹಡಗಿನ ಸ್ಕಾಟ್ಲೆಂಡ್ ಇಂಜಿನಿಯರು ಮುರಿದ ಕೋಲೊಂದನ್ನು ನಿಮಗೆ ಬಿಟ್ಟುಹೋದಾಗ, ಯಾರೂ ಕಲಿಸದೆ ಬರೀ ನೋಡಿ ನೋಡಿ ಅದನ್ನು ಸರಿ ಮಾಡಿದವರು ನೀವು. ಪುಕ್ಕ ಕಟ್ಟಿ ನೊಣದ ಹಾಗೆ ಮಾಡಿದ ಗಾಳವನ್ನು ನೀರಿನ ಮೇಲೆ ಹಗುರವಾಗಿ ಇಳಿಸುವ ಈ ಹುಚ್ಚು ನಮ್ಮ ಮನೆಗೆ ಹೊಕ್ಕಿದ್ದು ಅಲ್ಲಿಂದ.

ಅಂದು ನೀವು ಇರಲಿಲ್ಲವಲ್ಲ, ಕೋಲನ್ನು ಎತ್ತಿ ಬುಡದಿಂದ ನೋಡಿದೆ. ಉಂಗುರಗಳ ಸಾಲು ಅವಸರದಲ್ಲಿ ಹೆಣೆದ ಜಡೆಯ ಹಾಗೆ ಅತ್ತ ಇತ್ತ ಓಲಾಡುತ್ತಿತ್ತು. ಬಾಲ್ಕನಿಯಲ್ಲಿ ನೀವು ಎರಡು ವರ್ಷದ ಹಿಂದೆ ನಿಮಗಾಗಿ ಕಟ್ಟಿಕೊಂಡ ಕೋಲು ಇತ್ತು, ಅದನ್ನು ಹಾಗೆಯೇ ಎತ್ತಿ ನೋಡಿದೆ. ದಾರ ಹಿಡಿದು ಎಳೆದಷ್ಟು ನೇರ. ಆಮೇಲೆ ಸ್ಟ್ಯಾಂಡಿನ ಮೇಲೆ ನೀವು ಅರ್ಧ ಮಾಡಿ ಹೋದ ಹೊಸ ಕೋಲು ನೋಡಿದೆ. ಅದೂ ಡೊಂಕು, ಶಶಾಂಕನದಕ್ಕಿಂತ ಹೆಚ್ಚು ಡೊಂಕು. ನೆಲವೇ ಡೊಂಕಾಗಿತ್ತು, ನಾನು ಕುಣಿಯುವವನನ್ನು ಬೈದಿದ್ದೆ.

ಮೊದಲು ನಿಮಗೆ ಉದಾಸೀನ ಬಂದಿದೆ ಎಂದುಕೊಂಡೆ. ಆಮೇಲೆ ಒಂದೊಂದೇ ನೆನಪಾಗತೊಡಗಿತು. ಬಸ್ಸು ಬಂದಾಗ ನಂಬರು ನೋಡೇ ಎಂದು ನನ್ನನ್ನು ಮುಂದೆ ತಳ್ಳುವುದು. ಪೇಪರಿನಲ್ಲಿ ಓದೋಕೆ ಏನಿದೆ ಸುಡುಗಾಡು ಎಂದು ಬೆಳಿಗ್ಗೆ ರೇಡಿಯೋ ಹಚ್ಚಿಕೊಂಡು ಕೂರುವುದು. ಕೈಯಾರೆ ನೊಣ ಕಟ್ಟುತ್ತಿದ್ದವರು ಅಂಗಡಿಯಿಂದ ಕಟ್ಟಿದ್ದನ್ನೇ ತರಿಸಿದ್ದು. ಚಹಾವನ್ನು ಬಸಿಯ ಪಕ್ಕಕ್ಕೆ ಸುರಿದು, ಮೇಜುಬಟ್ಟೆ ಸರಿಯಾಗಿ ಹಾಸಿಲ್ಲ ಎಂದು ನನ್ನ ಮೇಲೆ ರೇಗಿದ್ದು. ನಾನು ಬೆಪ್ಪುತಕ್ಕಡಿ, ಮೇಜುಬಟ್ಟೆಯನ್ನು ಎಳೆದು ಸರಿ ಮಾಡಿದೆ.

ಸೋಮವಾರ ನಾನು ನಿಮ್ಮ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಶಶಾಂಕನ ಕೋಲಿನ ತುಂಡುಗಳನ್ನು ಬಿಚ್ಚಿದರೆ ಸಾಲು ತಿಳಿಯುವುದಿಲ್ಲ, ಹಾಗೆಯೇ ಜೋಡಿಸಿಕೊಂಡು ಒಯ್ಯಬೇಕು, ಆ ಉದ್ದಕ್ಕೆ ಯಾವ ಆಟೋದವನೂ ಹತ್ತಿಸಲಿಲ್ಲ. ಹೆಗಲ ಮೇಲೆ ಇಟ್ಟುಕೊಂಡು ಗಡಿಯಾಹಾಟ್‌ವರೆಗೆ ನಡೆದೆ. ದಾರಿಯುದ್ದಕ್ಕೂ ಈ ಊರಿನ ಗಂಡಸರು, ಲೇಕಿನಲ್ಲಿ ಇವತ್ತು ಕಾತ್ಲಾ ಮೀನು ಕಚ್ಚುತ್ತಿಲ್ಲ ಕಾಕಿಮಾ, ಹಿಟ್ಟಿಗೆ ಸ್ವಲ್ಪ ಮೆಂತ್ಯ ಬೆರೆಸಿ ಎಂದು ಉಪದೇಶ ಮಾಡಿದರು. ಡಾಕ್ಟರಮ್ಮ ಕೋಲನ್ನು ಎತ್ತಿ ನೋಡಿದರು. ನಿಧಾನವಾಗಿ ಕೆಳಗಿಟ್ಟು, "ಓನಾರ್ ಚೋಖೇ ಏಟಾ ಶೋಜಾ" ಎಂದರು. ನಿಮ್ಮ ಕಣ್ಣಿಗೆ ಇದು ನೇರವಂತೆ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂದಿನ ಪರದೆಯಲ್ಲಿ ನೀರು ನಿಂತಿದೆಯಂತೆ, ಅಲ್ಲಿ ಉಬ್ಬಿದ್ದರಿಂದ ನೇರ ಗೆರೆ ನಿಮಗೆ ಬಾಗಿ ಕಾಣುತ್ತದಂತೆ. ನಿಮಗೆ ನೇರ ಕಾಣುವ ತನಕ ನೀವು ಉಂಗುರ ಸರಿಸಿದ್ದೀರಿ, ಆದ್ದರಿಂದ ಅವು ಡೊಂಕಾಗಿವೆ. ಸೆಪ್ಟೆಂಬರಿನಲ್ಲೇ ಚೌಕುಳಿ ಗೆರೆಯ ಕಾಗದ ತೋರಿಸಿ ಪರೀಕ್ಷೆ ಮಾಡಿ, ಕಣ್ಣಿಗೆ ಇಂಜೆಕ್ಷನ್ ಕೊಡಬೇಕು, ತಡ ಮಾಡಬೇಡಿ ಎಂದು ನಿಮಗೆ ಹೇಳಿದ್ದರಂತೆ. ಹೆಂಡತಿಗೆ ಹೇಳಿ ಬರುತ್ತೇನೆ ಎಂದು ಹೋದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲವಂತೆ.

ಹೆಂಡತಿಗೆ ಏನು ಹೇಳಿದಿರಿ? ಬರೀ ನಂಬರು ಬದಲಾಗಿದೆ, ಹೊಸ ಕನ್ನಡಕ ಹಾಕಿದರೆ ಆಯಿತು ಎಂದಿರಿ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ? ಸೂಜಿ ಕಂಡರೆ ನಿಮಗೆ ಭಯ, ಅದು ನನಗೆ ಗೊತ್ತು. ಸಕ್ಕರೆ ಪರೀಕ್ಷೆಗೆ ಬೆರಳು ಚುಚ್ಚುವಾಗಲೂ ಗೋಡೆ ನೋಡುತ್ತೀರಿ. ಭಯಪಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ. ಆದರೆ ಅದಾದ ಮೇಲೂ ನೀವು ಮೇಜಿನ ಆ ಕಡೆ, ನಾನು ಈ ಕಡೆ ಕೂತು ಹೊಸ ಕೋಲು ಶುರು ಮಾಡಿದೆವು. ಟೇಪು ಅಂಟಿಸಿ ನನ್ನ ಕಡೆ ತಳ್ಳಿ, "ನೋಡು, ಹೆಂಗ್ ಕೂತಿದೆ" ಎಂದಿರಿ. ನಾನು ನಂಬಿ ದಾರ ಸುತ್ತಿದೆ. ನಿಮ್ಮ ಸುಳ್ಳಿನ ಮೇಲೆ ನನ್ನ ಕೈಯಿಂದಲೇ ರೇಷ್ಮೆ ಸುತ್ತಿಸಿದಿರಿ. ಅದಕ್ಕೆ ನನಗೆ ಸಿಟ್ಟು. ಒಲೆ ಮುಂದೆ ನಿಂತಾಗ, ಬಟ್ಟೆ ಒಣಹಾಕುವಾಗ, ಈ ನಾಲ್ಕು ದಿನವೂ ಅದೇ ಸಿಟ್ಟು.

ಅಷ್ಟು ಸಾಲದೆಂದು ಹೊಳೆಗೆ ಹೋಗಿದ್ದೀರಿ. ಜಲ್‌ಢಾಕಾದ ಕಲ್ಲುಗಳು ಪಾಚಿ ಹಿಡಿದು ಜಾರುತ್ತವೆ, ಸೊಂಟದ ಮಟ್ಟದ ಸೆಳವು, ಕಣ್ಣಿರುವವರೇ ಕೋಲೂರಿ ನಡೆಯುತ್ತಾರೆ ಎಂದು ನನಗೆ ಹೇಳಿದವರು ನೀವೇ. ಈಗ ಆ ಕಲ್ಲುಗಳು ನಿಮಗೆ ಇರುವಲ್ಲಿ ಕಾಣುತ್ತಿವೆಯೋ, ಪಕ್ಕದಲ್ಲಿ ಕಾಣುತ್ತಿವೆಯೋ? ಮೀನಿಗೆ ನೋವಾಗಬಾರದು ಎಂದು ಗಾಳದ ಮುಳ್ಳನ್ನು ಇಕ್ಕಳದಿಂದ ಚಪ್ಪಟೆ ಮಾಡುವ ಕರುಣಾಳು ನೀವು. ಅದರಲ್ಲಿ ಒಂದು ಚಿಟಿಕೆ ನನ್ನ ಮೇಲೆ ಇಟ್ಟಿದ್ದರೆ ಆಗುತ್ತಿರಲಿಲ್ಲವೇ?

ಯಾಕೆ ಹೋದಿರಿ ಎಂದು ನನಗೆ ಗೊತ್ತು. ಮಳೆ ನಿಂತು ನೀರು ತಿಳಿಯಾಗುವ ಕಾಲ, ಕಣ್ಣಿರುವಾಗಲೇ ಒಂದು ಸಲ ನೋಡಿಬಿಡೋಣ ಎಂದು ಹೋಗಿದ್ದೀರಿ. ಹೊಳೆಗೆ ಹೇಳಿ ಬರಲು ಹೋಗಿದ್ದೀರಿ, ನನಗೆ ಏನೂ ಹೇಳದೆ. ಹೊಳೆಯ ಮುಖ ನೋಡಿಕೊಂಡರೆ ಸಾಕೇ? ನನ್ನ ಮುಖ ಬೇಡವೇ? ಪೂರ್ವಿಯ ಮುಖ ಬೇಡವೇ? ಈಗಾಗಲೇ ಹೋದದ್ದು ಪೂರ್ತಿ ಬರುವುದಿಲ್ಲವಂತೆ. ಈಗ ಬಂದರೆ ಉಳಿದದ್ದನ್ನು ಉಳಿಸಬಹುದು, ತಡ ಮಾಡಿದರೆ ಅದೂ ಇಲ್ಲ ಎಂದು ಡಾಕ್ಟರಮ್ಮ ಸ್ಪಷ್ಟವಾಗಿ ಹೇಳಿದ್ದಾರೆ. ಮಂಗಳವಾರ ಬೆಳಿಗ್ಗೆಗೆ ನಿಮ್ಮ ಹೆಸರು ಬರೆಸಿ ಬಂದಿದ್ದೇನೆ. ಸೂಜಿ ಚುಚ್ಚುವ ಮುಂಚೆ ಔಷಧಿಯ ಹನಿ ಹಾಕಿ ಮರಗಟ್ಟಿಸುತ್ತಾರೆ, ನನ್ನ ಕೈ ಹಿಡಿದುಕೊಳ್ಳಬಹುದೇ ಎಂದು ಕೇಳಿದೆ, ಬಾಗಿಲವರೆಗೆ ಎಂದರು.

ಶಶಾಂಕನ ಕೋಲಿನ ದಾರವನ್ನೆಲ್ಲ ಬಿಚ್ಚಿ, ಅಂಟು ಕೆರೆದು, ಉಂಗುರಗಳನ್ನು ನಾನೇ ನೋಡಿ ಕೂರಿಸಿ ಮತ್ತೆ ಕಟ್ಟಿದ್ದೇನೆ. ಅವನು ತರುತ್ತಾನೆ. ಕಣ್ಣಿನಿಂದ ನೋಡಬೇಡಿ, ಹೆಬ್ಬೆರಳಿನಿಂದ ಸವರಿ ನೋಡಿ, ಆಮೇಲೆ ತಪ್ಪು ಹುಡುಕಿ. ಮನೋಜನಿಗೆ ನನ್ನ ಆಶೀರ್ವಾದ. ಹೊಳೆಗೆ ನಮಸ್ಕಾರ ಹೇಳಿ, ಮಂಡಿಯ ಮೇಲೆ ನೀರು ಬರದ ಜಾಗದಲ್ಲಿ ನಿಂತು.

ನಿಮ್ಮ ಮೇಲೆ ಇನ್ನೂ ಸಿಟ್ಟಾಗಿಯೇ ಇರುವ,
ಮಹಾಲಕ್ಷ್ಮಿ

ಮರೆತಿದ್ದೆ: ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬಹುದಿತ್ತು. ಬೇಕೆಂದೇ ನನ್ನ ಎಂದಿನ ಇರುವೆ ಸಾಲಿನ ಅಕ್ಷರದಲ್ಲಿ ಬರೆದಿದ್ದೇನೆ. ಇಲ್ಲಿಯವರೆಗೆ ನೀವೇ ಓದಿಕೊಂಡು ಬಂದಿದ್ದರೆ ಡಾಕ್ಟರೂ ನಾನೂ ಇಬ್ಬರೂ ಮೂರ್ಖರು, ನಿಮ್ಮ ಇಷ್ಟ ಬಂದಷ್ಟು ದಿನ ಅಲ್ಲಿರಿ. ಕನ್ನಡಕ ಕೈಯಲ್ಲಿದ್ದೂ, ಬೆಳಕು ಸಾಲದು ಓದಿಬಿಡಪ್ಪ ಎಂದು ಬೇರೆಯವರಿಗೆ ಕೊಟ್ಟಿದ್ದರೆ, ಇನ್ನು ನಿಮ್ಮ ಹತ್ತಿರ ನನಗೆ ಮಾತಿಲ್ಲ. ಶಶಾಂಕ, ಓದುತ್ತಿರುವವನು ನೀನೇ ಅಲ್ಲವೇ, ಮಣಿಕಟ್ಟಿನ ಮಾತು ವಾಪಸು ತೆಗೆದುಕೊಂಡಿದ್ದೇನೆ, ಕ್ಷಮಿಸು. ಭಾನುವಾರ ರಾತ್ರಿಯ ರೈಲಿಗೆ ಇಬ್ಬರ ಟಿಕೆಟನ್ನೂ ಪೂರ್ವಿ ನಿನ್ನ ಫೋನಿಗೆ ಕಳಿಸುತ್ತಾಳೆ, ಸಿಯಾಲ್ದಾ ಸ್ಟೇಷನ್ನಿನಲ್ಲಿ ನಾನು ನಿಂತಿರುತ್ತೇನೆ. ಈಗ ಕಾಗದ ಮಡಚಿ ಅವರ ಕೈ ಹಿಡಿದುಕೋ. ಕೊಸರುತ್ತಾರೆ, ಬಿಡಬೇಡ. ಕೆಳಗಿನ ಬರ್ತು ಅವರಿಗೇ ಕೊಡು, ಮೆಟ್ಟಿಲು ಕಾಣುವುದಿಲ್ಲ ಎಂದು ಅವರು ಬಾಯಿಬಿಟ್ಟು ಹೇಳುವುದಿಲ್ಲ.